ಗುಡಿಬಂಡೆಯ ಕತ್ತಲಲ್ಲಿ ರೋಸೆಟ್ ನೀಹಾರಿಕೆ: ದೀರ್ಘ ಎಕ್ಸ್‌ಪೋಶರ್ ಫೋಟೊ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ, ಪಕ್ಕದ ಕೋಲಾರ ಮತ್ತು ತುಮಕೂರು ಕಡೆ ಕ್ಯಾಮೆರಾ ಹಿಡಿದು ಮಬ್ಬು ನೀಹಾರಿಕೆಗಳ ಬೆನ್ನು ಹತ್ತಿದವರಿಗಾಗಿ ಬರೆದದ್ದು. ನೀಹಾರಿಕೆ ಎಂದರೆ ಬಾಹ್ಯಾಕಾಶದ ಅನಿಲ, ಧೂಳಿನ ಮೋಡ. ಉದಾಹರಣೆಗೆ ಹೂವಿನಂತೆ ಕಾಣುವ ರೋಸೆಟ್ ಒಂದನ್ನೇ ಇಟ್ಟುಕೊಂಡಿದ್ದೇವೆ. ಇಲ್ಲಿನ ಲೆಕ್ಕ ಬೇರೆ ನೀಹಾರಿಕೆಗಳಿಗೂ ಒಗ್ಗುತ್ತದೆ.

ಮೊದಲ ಮಬ್ಬು ನೀಹಾರಿಕೆಯಾಗಿ ರೋಸೆಟ್ ಯಾಕೆ?

ಮಹಾವ್ಯಾಧನ (ಓರಿಯನ್) ನೀಹಾರಿಕೆ ಒಂದು ನಿಮಿಷದ ಎಕ್ಸ್‌ಪೋಶರಿಗೇ ಮೂಡಿಬಿಡುತ್ತದೆ, ಅದರಿಂದ ಕಲಿಯುವುದು ಕಡಿಮೆ. ರೋಸೆಟ್ ಹಾಗಲ್ಲ. ಅದರ ಮೇಲ್ಮೈ ಮಬ್ಬು, ಆದರೆ ಗಾತ್ರ ದೊಡ್ಡದು: ಉದ್ದಕ್ಕೆ ಸುಮಾರು 80 ಕಲೆ (ಒಂದು ಡಿಗ್ರಿಗೆ 60 ಕಲೆ), ಅಂದರೆ ಎರಡೂವರೆ ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. ಹಾಗಾಗಿ ದೊಡ್ಡ ದೂರದರ್ಶಕ ಬೇಕಿಲ್ಲ. ನಮ್ಮ ಸೀಮೆಗೆ ಇನ್ನೊಂದು ಅನುಕೂಲವಿದೆ. ರೋಸೆಟ್ ಖಗೋಳ ವಿಷುವದ್ವೃತ್ತದಿಂದ (ಭೂಮಧ್ಯರೇಖೆಯ ನೇರ ಮೇಲೆ ಆಕಾಶದಲ್ಲಿ ಎಳೆದುಕೊಂಡ ಗೆರೆ) 5 ಡಿಗ್ರಿಯಷ್ಟೇ ಉತ್ತರಕ್ಕಿದೆ, ನಾವಿರುವುದು ಸುಮಾರು 13.5 ಡಿಗ್ರಿ ಅಕ್ಷಾಂಶದಲ್ಲಿ. ಅದು 81 ಡಿಗ್ರಿಗಿಂತ ಮೇಲೇರಿ ಹೆಚ್ಚೂಕಡಿಮೆ ನೆತ್ತಿಗೇ ಬರುತ್ತದೆ. ಆ ಹೊತ್ತಿಗೆ ಗಾಳಿಯ ಪದರ ತೆಳು, ಬೆಂಗಳೂರಿನ ಬೆಳಕು ದಿಗಂತದಲ್ಲೇ ಕೆಳಗುಳಿಯುತ್ತದೆ. ಯೂರೋಪಿನವರಿಗೆ ಈ ಎತ್ತರ ಸಿಗುವುದಿಲ್ಲ.

ಹೂವಿನ ನಡುವೆ ಕಾಣುವ ತಾರಾಗುಚ್ಛ ಎನ್‌ಜಿಸಿ 2244. ಅದರ ಬಿಸಿ ನಕ್ಷತ್ರಗಳ ಗಾಳಿಯೇ ನಡುವಿನ ಅನಿಲವನ್ನು ಹೊರಕ್ಕೆ ತಳ್ಳಿ ಆ ತೂತು ಮಾಡಿದೆ. ದೂರ ಸುಮಾರು 5,000 ಜ್ಯೋತಿರ್ವರ್ಷ.

ಆಕಾಶದಲ್ಲಿ ಎಲ್ಲಿದೆ, ಯಾವ ತಿಂಗಳಲ್ಲಿ ಸಿಗುತ್ತದೆ?

ಮಹಾವ್ಯಾಧನ ಭುಜದ ಕೆಂಪು ನಕ್ಷತ್ರ ಆರಿದ್ರೆಯಿಂದ ಪೂರ್ವದ ಪ್ರೋಸಿಯನ್ ನಕ್ಷತ್ರಕ್ಕೆ ಗೆರೆ ಎಳೆಯಿರಿ. ಆ ಗೆರೆಯಲ್ಲಿ ಮೂರರಲ್ಲೊಂದು ಭಾಗ ಸಾಗಿ, ಒಂದೂವರೆ ಡಿಗ್ರಿ ದಕ್ಷಿಣಕ್ಕೆ ಇಳಿದರೆ ಅಲ್ಲೇ ಇದೆ. ಬೈನಾಕ್ಯುಲರಿನಲ್ಲಿ ತಾರಾಗುಚ್ಛ ಕಾಣುತ್ತದೆ, ನೀಹಾರಿಕೆ ಕಾಣುವುದು ಕಷ್ಟ.

ಕಾಲದ ಲೆಕ್ಕ ರೈತರಿಗೆ ಗೊತ್ತಿರುವುದೇ. ಜೂನ್ ಕೊನೆಗೆ ಆರಿದ್ರಾ ಮಳೆ ಹಿಡಿದಾಗ ಸೂರ್ಯ ಇದೇ ದಿಕ್ಕಿನಲ್ಲಿರುತ್ತಾನೆ. ಅಲ್ಲಿಂದ ಆರು ತಿಂಗಳು ಮುಂದೆ ಎಣಿಸಿ: ಡಿಸೆಂಬರ್ ಕೊನೆಗೆ ರೋಸೆಟ್ ನಡುರಾತ್ರಿಯ ಸುಮಾರಿಗೆ ನೆತ್ತಿಗೆ ಬರುತ್ತದೆ. ಸಂಕ್ರಾಂತಿಯ ದಿನ ರಾತ್ರಿ ಸುಮಾರು 11.15ಕ್ಕೆ, ಫೆಬ್ರವರಿ ನಡುವೆ 9.15ಕ್ಕೆ. ನೆತ್ತಿಗೆ ಬರುವ ನಾಲ್ಕು ಗಂಟೆ ಮೊದಲಿನಿಂದ ನಾಲ್ಕು ಗಂಟೆ ನಂತರದವರೆಗೆ 30 ಡಿಗ್ರಿಗಿಂತ ಮೇಲಿರುತ್ತದೆ. ಅಂದರೆ ಸಂಕ್ರಾಂತಿಯ ಆಸುಪಾಸಿನಲ್ಲಿ ಕತ್ತಲಾದದ್ದೇ ಶುರುಮಾಡಿ ಬೆಳಗಿನ ಜಾವ ಮೂರರವರೆಗೂ ಬೆಳಕು ಕೂಡಿಸಬಹುದು.

ನವೆಂಬರಿನಲ್ಲಿ ಹಿಂಗಾರಿನ ಮೋಡ ಬಿಡುವುದಿಲ್ಲ. ದೀಪಾವಳಿ ಅಮಾವಾಸ್ಯೆ ಕತ್ತಲಾದರೂ ಪಟಾಕಿ ಹೊಗೆ ತಗ್ಗಿನಲ್ಲಿ ನಿಂತಿರುತ್ತದೆ. ಎಳ್ಳಮಾವಾಸ್ಯೆಯಿಂದ ಶಿವರಾತ್ರಿವರೆಗಿನ ಅಮಾವಾಸ್ಯೆಗಳೇ ನಿಜವಾದ ಸುಗ್ಗಿ. ಪ್ರತಿ ಅಮಾವಾಸ್ಯೆಯ ಹಿಂದೆ ಮುಂದೆ ಐದೈದು ದಿನ ಎಂದು ಗುರುತು ಹಾಕಿಕೊಳ್ಳಿ. ಶಿವರಾತ್ರಿ ಯಾವಾಗಲೂ ಚಂದ್ರನಿಲ್ಲದ ರಾತ್ರಿಯೇ, ಆದರೆ ದೇವಸ್ಥಾನದ ಹತ್ತಿರ ದೀಪಾಲಂಕಾರ ಇರುತ್ತದೆ, ದೂರ ಹೋಗಿ.

ಜಾಗ ಯಾವುದು ಒಳ್ಳೆಯದು? ನಂದಿಬೆಟ್ಟ ಆಗುತ್ತದೆಯೇ?

ನಂದಿ ಬೇಡ. ಎತ್ತರ 1,478 ಮೀಟರ್ ಇದ್ದರೂ ಬೆಂಗಳೂರು, ದೇವನಹಳ್ಳಿಗಳ ಬೆಳಕು ಪಕ್ಕದಲ್ಲೇ ಇದೆ. ಬೆಳಗ್ಗೆ ಜನ ನೋಡಲು ಹೋಗುವ ಆ ಮೋಡದ ಹಾಸಿಗೆಯೇ ಫೋಟೊಗೆ ಶತ್ರು.

ಬೆಂಗಳೂರಿಗೆ ಬೆನ್ನು ಹಾಕಿ ಉತ್ತರಕ್ಕೆ ಹೋಗಿ. ಗುಡಿಬಂಡೆ ನೇರ ಅಳತೆಯಲ್ಲಿ ಸುಮಾರು 75 ಕಿ.ಮೀ. ದೂರ, ಹೆದ್ದಾರಿಯಿಂದಲೂ ಒಳಗಿದೆ. ಬಾಗೇಪಲ್ಲಿಯ ಒಳಹಳ್ಳಿಗಳು, ತುಮಕೂರು ಜಿಲ್ಲೆಯಲ್ಲಿ ಪಾವಗಡ ತಾಲ್ಲೂಕು, ಕೋಲಾರದಲ್ಲಿ ಶ್ರೀನಿವಾಸಪುರದ ಮಾವಿನ ತೋಪುಗಳಾಚೆಯ ಬಯಲು ಇವೂ ನೋಡಬೇಕಾದವು. ಬೆಂಗಳೂರಿನ ಮೇಲೆ ಕವಿದ ಬೆಳಕಿನ ಗುಮ್ಮಟ ಚಿಕ್ಕಬಳ್ಳಾಪುರದವರಿಗೆ ದಕ್ಷಿಣಕ್ಕೆ, ತುಮಕೂರಿನವರಿಗೆ ಆಗ್ನೇಯಕ್ಕೆ, ಕೋಲಾರದವರಿಗೆ ಪಶ್ಚಿಮಕ್ಕೆ. ಕೋಲಾರದವರು ರೋಸೆಟ್ ಪಶ್ಚಿಮಕ್ಕೆ ವಾಲುವ ಮೊದಲೇ ಹೆಚ್ಚು ಫ್ರೇಮ್ ತೆಗೆದಿಟ್ಟುಕೊಳ್ಳಬೇಕು.

ಊರು ಆರಿಸಿದ ಮೇಲೆ ನೆಲ ಆರಿಸಿ. ಗುಡಿಬಂಡೆಯ ಭೈರಸಾಗರದ ಏರಿ ಮೇಲೆ ದಿಗಂತ ಚೆನ್ನಾಗಿ ತೆರೆದಿದೆ, ಆದರೆ ಕೆರೆ ಪಕ್ಕ ಇಬ್ಬನಿ ಎರಡು ಗಂಟೆ ಮೊದಲೇ ಹಿಡಿಯುತ್ತದೆ. ಬರಿಯ ಬಂಡೆ ಹಗಲೆಲ್ಲ ಕಾದು ನಡುರಾತ್ರಿವರೆಗೂ ಬಿಸಿ ಬಿಡುತ್ತದೆ, ನಕ್ಷತ್ರಗಳು ಊದಿಕೊಳ್ಳುತ್ತವೆ. ಕೊಯ್ಲಾದ ರಾಗಿ ಹೊಲ, ಸ್ವಲ್ಪ ಎತ್ತರದಲ್ಲಿದ್ದರೆ, ಇವೆರಡಕ್ಕಿಂತ ವಾಸಿ. ಒಕ್ಕಣೆ ನಡೆಯುವ ಕಣದಿಂದ ದೂರವಿರಿ. ಆ ಧೂಳು ಸೆನ್ಸರಿಗೆ ಹೋದರೆ ರಾತ್ರಿಯಿಡೀ ಅಲ್ಲೇ ಕೂತಿರುತ್ತದೆ.

ಗೌರಿಬಿದನೂರಿನಲ್ಲಿ ವೀಕ್ಷಣಾಲಯವೇ ಇದೆಯಲ್ಲ, ಅಲ್ಲಿ ಕತ್ತಲು ಚೆನ್ನಾಗಿರಬೇಕಲ್ಲವೇ?

ಅದು ರೇಡಿಯೊ ವೀಕ್ಷಣಾಲಯ. ಅದಕ್ಕೆ ಬೇಕಾದದ್ದು ರೇಡಿಯೊ ಗದ್ದಲ ಕಡಿಮೆ ಇರುವ ಕಣಿವೆ, ಬೀದಿದೀಪ ಅದಕ್ಕೆ ಲೆಕ್ಕಕ್ಕಿಲ್ಲ. ನಮ್ಮ ಕೆಲಸಕ್ಕೆ ಅದು ಗುರುತಲ್ಲ.

ಶಿಡ್ಲಘಟ್ಟದಂಥ ಊರಿನಲ್ಲಿ ಮನೆ ಮಹಡಿಯಿಂದ ಆಗುತ್ತದೆಯೇ?

ಆಗುತ್ತದೆ, ಡ್ಯುಯಲ್ ಬ್ಯಾಂಡ್ ಫಿಲ್ಟರ್ ಇದ್ದರೆ. ರೋಸೆಟ್ಟಿನ ಬೆಳಕಿನ ಬಹುಪಾಲು ಹೈಡ್ರೋಜನ್ ಆಲ್ಫಾ, ಅಂದರೆ ಜಲಜನಕದ ಕೆಂಪು ಬೆಳಕು, ತರಂಗಾಂತರ 656.3 ನ್ಯಾನೊಮೀಟರ್. ಜೊತೆಗೆ ನಡುಭಾಗದಲ್ಲಿ ಆಮ್ಲಜನಕದ 500.7. ಈ ಎರಡು ಕಿಂಡಿ ಬಿಟ್ಟು ಉಳಿದದ್ದನ್ನೆಲ್ಲ ತಡೆಯುವ, 7 ನ್ಯಾನೊಮೀಟರ್ ಅಗಲದ ಫಿಲ್ಟರ್ ಬೀದಿದೀಪದ ಬೆಳಕಿನ ಹೆಚ್ಚಿನಂಶ ಕಳೆಯುತ್ತದೆ. ಹಳದಿ ಸೋಡಿಯಂ ದೀಪಗಳ ಕಾಲದ ಹಳೆಯ ಫಿಲ್ಟರುಗಳಿಗೆ ದುಡ್ಡು ಹಾಕಬೇಡಿ. ಎಲ್‌ಇಡಿ ಬೆಳಕು ಎಲ್ಲ ಬಣ್ಣದಲ್ಲೂ ಹರಡಿರುವುದರಿಂದ ಅವು ಹೆಚ್ಚೇನೂ ಮಾಡುವುದಿಲ್ಲ. ಮಹಡಿಯಲ್ಲಿ ಓಡಾಡಿದರೆ ಕ್ಯಾಮೆರಾ ಹೊತ್ತು ತಿರುಗುವ ಮೌಂಟ್ ಅಲುಗುತ್ತದೆ. ಶುರು ಮಾಡಿ ಕೆಳಗಿಳಿದುಬಿಡಿ.

ಏನೇನು ಸಾಮಾನು ಬೇಕು?

ಒಂದು ಹಳೆಯ ಡಿಎಸ್‌ಎಲ್‌ಆರ್, 135 ಅಥವಾ 200 ಮಿ.ಮೀ. ಲೆನ್ಸ್ ಇಲ್ಲವೇ 72 ಮಿ.ಮೀ. ವ್ಯಾಸದ ಸಣ್ಣ ದೂರದರ್ಶಕ (ನಾಭಿದೂರ 420ರ ಸುಮಾರು), ಭೂಮಿಯ ತಿರುಗುವಿಕೆಗೆ ಸರಿಯಾಗಿ ತಿರುಗುವ ಟ್ರ್ಯಾಕರ್ ಅಥವಾ ಈಕ್ವಟೋರಿಯಲ್ ಮೌಂಟ್, ಗಟ್ಟಿ ಟ್ರೈಪಾಡ್, ಇಂಟರ್ವಲೋಮೀಟರ್ (ತಾನಾಗಿ ಒಂದರ ಹಿಂದೊಂದು ಫ್ರೇಮ್ ತೆಗೆಸುವ ಸಾಧನ), ಲೆನ್ಸ್ ಬಿಸಿ ಮಾಡುವ ಪಟ್ಟಿ, ಬಹ್ಟಿನೋವ್ ಮುಖವಾಡ (ಫೋಕಸ್ ನೋಡಲು ಲೆನ್ಸ್ ಮುಂದೆ ಇಡುವ ಸೀಳುಗಳ ತಟ್ಟೆ), ಬ್ಯಾಟರಿ. ದುಡ್ಡು ಎಣಿಸಿಕೊಂಡು ಹಾಕುವವರು ಮೊದಲು ಮೌಂಟಿಗೆ ಹಾಕಿ, ಆಮೇಲೆ ಲೆನ್ಸಿಗೆ, ಕೊನೆಗೆ ಕ್ಯಾಮೆರಾಗೆ. ಅಂಗಡಿಯವರು ಹೇಳುವ ಕ್ರಮ ಸಾಮಾನ್ಯವಾಗಿ ಇದರ ತಿರುವುಮುರುವು.

ಸಾಮಾನ್ಯ ಡಿಎಸ್‌ಎಲ್‌ಆರ್‌ನ ಸೆನ್ಸರ್ ಮುಂದಿನ ಫಿಲ್ಟರ್ ಹೈಡ್ರೋಜನ್ ಆಲ್ಫಾ ಬೆಳಕಿನ ಹೆಚ್ಚೆಂದರೆ ಕಾಲು ಭಾಗವನ್ನಷ್ಟೇ ಒಳಬಿಡುತ್ತದೆ. ಅದನ್ನು ತೆಗೆಸಿದ ಕ್ಯಾಮೆರಾ ಸಿಕ್ಕರೆ ಮಬ್ಬು ನೀಹಾರಿಕೆಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ತೆಗೆಸದಿದ್ದರೂ ರೋಸೆಟ್ ಬರುತ್ತದೆ, ಗಂಟೆಗಳು ಹೆಚ್ಚು ಬೇಕು, ಅಷ್ಟೇ.

ಚೌಕಟ್ಟಿನ ಲೆಕ್ಕ: ಎಪಿಎಸ್-ಸಿ (ಸಾಮಾನ್ಯ ಡಿಎಸ್‌ಎಲ್‌ಆರ್‌ಗಳಲ್ಲಿರುವ, ಫುಲ್ ಫ್ರೇಮಿಗಿಂತ ಚಿಕ್ಕ) ಸೆನ್ಸರಿಗೆ 420 ಮಿ.ಮೀ.ನಲ್ಲಿ 3 ಡಿಗ್ರಿಗೆ 2 ಡಿಗ್ರಿ ಆಕಾಶ ಸಿಗುತ್ತದೆ, ರೋಸೆಟ್ ಸುತ್ತ ಜಾಗ ಬಿಟ್ಟು ಕೂರುತ್ತದೆ. 135ರಲ್ಲಿ 9.5ಕ್ಕೆ 6.3 ಡಿಗ್ರಿ, ಹೂವು ಚಿಕ್ಕದಾದರೂ ಸುತ್ತಲಿನ ಅನಿಲವೂ ಬರುತ್ತದೆ.

ಟ್ರ್ಯಾಕರ್ ಇಲ್ಲದೆ ಆಗುವುದಿಲ್ಲವೇ? ಮೊಬೈಲ್?

ಆಕಾಶ ಒಂದು ಸೆಕೆಂಡಿಗೆ 15 ವಿಕಲೆ (ಒಂದು ಕಲೆಗೆ 60 ವಿಕಲೆ) ಸರಿಯುತ್ತದೆ. 4.3 ಮೈಕ್ರಾನಿನ ಪಿಕ್ಸೆಲ್ ಇರುವ ಕ್ಯಾಮೆರಾದಲ್ಲಿ, 135 ಮಿ.ಮೀ. ಲೆನ್ಸಿಗೆ ಒಂದು ಪಿಕ್ಸೆಲ್ ಅಂದರೆ 6.6 ವಿಕಲೆ, ಅರ್ಧ ಸೆಕೆಂಡಿಗೆ ಮೊದಲೇ ನಕ್ಷತ್ರ ಪಕ್ಕದ ಪಿಕ್ಸೆಲಿಗೆ ಹೋಗಿಬಿಡುತ್ತದೆ. ಎರಡು ಸೆಕೆಂಡಿನ ಸಾವಿರಾರು ಫ್ರೇಮ್ ತೆಗೆದು ಕೂಡಿಸುವವರಿದ್ದಾರೆ. ಮಹಾವ್ಯಾಧನಿಗೆ ಅದು ಸರಿ, ರೋಸೆಟ್ಟಿಗೆ ಶ್ರಮ ಹೆಚ್ಚು ಫಲ ಕಡಿಮೆ. ಮೊಬೈಲಿನ ಲೆನ್ಸ್ ಬಾಯಿ ಸುಮಾರು 5 ಮಿ.ಮೀ. 72 ಮಿ.ಮೀ. ದೂರದರ್ಶಕ ಅದಕ್ಕಿಂತ ಇನ್ನೂರು ಪಟ್ಟು ಬೆಳಕು ಹಿಡಿಯುತ್ತದೆ.

ಧ್ರುವ ನಕ್ಷತ್ರ ಕಾಣುತ್ತಲೇ ಇಲ್ಲ. ಏನು ಮಾಡುವುದು?

ಟ್ರ್ಯಾಕರ್ ಅಥವಾ ಮೌಂಟ್ ತಿರುಗುವ ಅಕ್ಷವನ್ನು ಆಕಾಶದ ಧ್ರುವದ ನೇರಕ್ಕೆ ಹೊಂದಿಸಬೇಕು, ಅದಕ್ಕೇ ಈ ನಕ್ಷತ್ರ ಬೇಕು. ನಮ್ಮ ಸೀಮೆಯಲ್ಲಿ ಅತಿ ಹೆಚ್ಚು ರಾತ್ರಿಗಳು ಹಾಳಾಗುವುದು ಇಲ್ಲೇ. ಧ್ರುವ ನಕ್ಷತ್ರ ದಿಗಂತದಿಂದ 13ರಿಂದ 14 ಡಿಗ್ರಿ ಮೇಲಷ್ಟೇ ಇರುತ್ತದೆ. ಚಾಚಿದ ಕೈಯ ಮುಷ್ಟಿ 10 ಡಿಗ್ರಿ ಎಂದುಕೊಂಡರೆ ಒಂದು ಮುಷ್ಟಿ, ಮೇಲೆ ಎರಡು ಬೆರಳು. ಒಂದು ಹುಣಸೆಮರ, ಗುಡ್ಡದ ಭುಜ, ಚಳಿಗಾಲದ ಹೊಗೆ, ಯಾವುದಾದರೂ ಸಾಕು ಮುಚ್ಚಲು. ಹಗಲಲ್ಲೇ ಹೋಗಿ ಉತ್ತರ ದಿಗಂತ ತೆರೆದ ಜಾಗ ನೋಡಿಡಿ. ಫೋನಿನ ದಿಕ್ಸೂಚಿಯನ್ನು ಟ್ರೈಪಾಡಿನ ಕಬ್ಬಿಣದಿಂದ ದೂರ ಹಿಡಿದು ನೋಡಿ.

ನಕ್ಷತ್ರ ಸಿಕ್ಕಿದ ಮೇಲೂ ಅದನ್ನು ಮೌಂಟಿನ ಧ್ರುವದರ್ಶಕದ ನಡುವಿಗೆ ತಂದರೆ ಮುಗಿಯಲಿಲ್ಲ. ನಿಜವಾದ ಧ್ರುವ ಬಿಂದುವಿನಿಂದ ಅದು ಮುಕ್ಕಾಲು ಡಿಗ್ರಿಗಿಂತ ತುಸು ಕಡಿಮೆ ದೂರದಲ್ಲಿದೆ. ಆ ಕ್ಷಣಕ್ಕೆ ಅದು ಗಡಿಯಾರದ ಯಾವ ಅಂಕಿಯ ಕಡೆ ಇರಬೇಕೆಂದು ಧ್ರುವ ಹೊಂದಾಣಿಕೆಯ ಫೋನ್ ಆ್ಯಪ್ ತೋರಿಸುತ್ತದೆ, ಅಲ್ಲಿಗೆ ತನ್ನಿ. ಇಷ್ಟು ತಗ್ಗಿನಲ್ಲಿ ಗಾಳಿಯ ವಕ್ರೀಭವನ ನಕ್ಷತ್ರವನ್ನು ಸುಮಾರು 4 ಕಲೆ ಮೇಲೆತ್ತಿ ತೋರಿಸುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಆಯ್ಕೆ ಇದ್ದರೆ ಒತ್ತಿ.

ನಕ್ಷತ್ರ ಕಾಣದಿದ್ದರೆ ಎರಡು ದಾರಿ. ಲ್ಯಾಪ್‌ಟಾಪ್ ಇದ್ದರೆ ನೀನಾ ತಂತ್ರಾಂಶದ ಮೂರು ಬಿಂದುಗಳ ಹೊಂದಾಣಿಕೆ, ಆಕಾಶದ ಯಾವ ಭಾಗ ಕಂಡರೂ ಸಾಕು. ಇಲ್ಲದಿದ್ದರೆ ಹಳೆಯ ಡ್ರಿಫ್ಟ್ ವಿಧಾನ. ನೆತ್ತಿಯ ಉತ್ತರ-ದಕ್ಷಿಣ ಗೆರೆಯಲ್ಲಿರುವ, ವಿಷುವದ್ವೃತ್ತದ ಹತ್ತಿರದ ನಕ್ಷತ್ರವೊಂದನ್ನು ಹಿಡಿಯಿರಿ. ಅದು ದಕ್ಷಿಣಕ್ಕೆ ಸರಿದರೆ ಮೌಂಟಿನ ಅಕ್ಷ ಪೂರ್ವಕ್ಕೆ ತಿರುಗಿದೆ, ಉತ್ತರಕ್ಕೆ ಸರಿದರೆ ಪಶ್ಚಿಮಕ್ಕೆ. ಅದು ನಿಂತ ಮೇಲೆ ಪೂರ್ವದಲ್ಲಿ ತಗ್ಗಿನಲ್ಲಿರುವ ನಕ್ಷತ್ರ ಹಿಡಿಯಿರಿ. ದಕ್ಷಿಣಕ್ಕೆ ಸರಿದರೆ ಅಕ್ಷ ತಗ್ಗಿದೆ, ಉತ್ತರಕ್ಕಾದರೆ ಎತ್ತರವಾಗಿದೆ. ಅರ್ಧ ಗಂಟೆಯ ಕೆಲಸ.

ಎಷ್ಟು ನಿಖರ ಬೇಕು? ಹೊಂದಾಣಿಕೆ 1 ಕಲೆ ತಪ್ಪಿದರೆ ನಕ್ಷತ್ರ ನಿಮಿಷಕ್ಕೆ ಹೆಚ್ಚೆಂದರೆ 0.26 ವಿಕಲೆ ಜಾರುತ್ತದೆ. 10 ಕಲೆ ತಪ್ಪಿದ್ದು 3 ನಿಮಿಷ ಎಕ್ಸ್‌ಪೋಶರ್ ಕೊಟ್ಟರೆ ಸುಮಾರು 8 ವಿಕಲೆ: 135 ಮಿ.ಮೀ.ಗೆ ಒಂದು ಪಿಕ್ಸೆಲ್ ಚಿಲ್ಲರೆ, ನಡೆಯುತ್ತದೆ. 420ಕ್ಕೆ ನಾಲ್ಕು ಪಿಕ್ಸೆಲ್, ನಡೆಯುವುದಿಲ್ಲ.

ಸಮತೂಕದ ಗುಂಡು ಟ್ರೈಪಾಡ್ ಕಾಲಿಗೆ ಬಡಿಯುತ್ತದೆ, ಮೌಂಟ್ ಕೆಟ್ಟಿದೆಯೇ?

ಕೆಟ್ಟಿಲ್ಲ. ನಮ್ಮ ಅಕ್ಷಾಂಶಕ್ಕೆ ಇಳಿಸಿದಾಗ ಮೌಂಟಿನ ಅಕ್ಷ ಬಹುತೇಕ ಮಲಗಿಬಿಡುತ್ತದೆ, ಗುಂಡು ಉತ್ತರದ ಕಾಲಿನ ಮೇಲೆಯೇ ತೂಗುತ್ತದೆ. ಟ್ರೈಪಾಡನ್ನು ತಿರುಗಿಸಿ ಎರಡು ಕಾಲು ಉತ್ತರಕ್ಕೆ, ಒಂದು ದಕ್ಷಿಣಕ್ಕೆ ಬರುವಂತೆ ಇಡಿ. ಗುಂಡು ಎರಡು ಕಾಲಿನ ಸಂದಿಯಲ್ಲಿ ಆಡುತ್ತದೆ, ಮುಂದಕ್ಕೆ ಮಗುಚುವ ಭಯವೂ ಹೋಗುತ್ತದೆ. ಕೆಲವು ಟ್ರೈಪಾಡುಗಳಲ್ಲಿ ಇದಕ್ಕಾಗಿ ತಲೆಯ ಮೇಲಿನ ಗೂಟವನ್ನು ಬಿಚ್ಚಿ ಇನ್ನೊಂದು ತೂತಿಗೆ ಹಾಕಬೇಕು. ನಡುವೆ ಹತ್ತು ಲೀಟರ್ ನೀರಿನ ಕ್ಯಾನ್ ತೂಗುಹಾಕಿದರೆ ಗಾಳಿಗೂ ಅಲುಗುವುದಿಲ್ಲ.

ನೀಹಾರಿಕೆ ನೆತ್ತಿಗೆ ಬಂದಾಗ ಕ್ಯಾಮೆರಾದ ಹಿಂಭಾಗವೇ ಕಾಲಿಗೆ ತಗುಲಬಹುದು. ಹಗಲಲ್ಲಿ ಒಮ್ಮೆ ಕೈಯಿಂದ ತಿರುಗಿಸಿ ನೋಡಿ, ಎಲ್ಲಿ ನಿಲ್ಲಿಸಿ ಕ್ಯಾಮೆರಾವನ್ನು ಮೌಂಟಿನ ಇನ್ನೊಂದು ಬದಿಗೆ ಹೊರಳಿಸಬೇಕೆಂದು ಗೊತ್ತಾಗುತ್ತದೆ. ವೈರುಗಳಿಗೆ ಸಾಕಷ್ಟು ಸಡಿಲ ಬಿಡಿ.

ಫೋಕಸ್ ಹೇಗೆ?

ಪ್ರಕಾಶಮಾನ ನಕ್ಷತ್ರ ಲುಬ್ಧಕವನ್ನು (ಸಿರಿಯಸ್) ಲೈವ್ ವ್ಯೂನಲ್ಲಿ ದೊಡ್ಡದು ಮಾಡಿ, ಬಹ್ಟಿನೋವ್ ಮುಖವಾಡ ಹಾಕಿ. ನಕ್ಷತ್ರದಿಂದ ಮೂರು ಗೆರೆ ಮೂಡುತ್ತವೆ. ಎರಡು ಗೆರೆಯ ಕತ್ತರಿಯನ್ನು ಮೂರನೆಯದು ಸರಿಯಾಗಿ ನಡುವೆ ಸೀಳಬೇಕು. ಆಮೇಲೆ ಲೆನ್ಸ್ ಉಂಗುರಕ್ಕೆ ಟೇಪ್ ಅಂಟಿಸಿ. ರಾತ್ರಿ ತಂಪಾದಂತೆ ಫೋಕಸ್ ಸರಿಯುತ್ತದೆ, 2-3 ಡಿಗ್ರಿ ಇಳಿದಾಗಲೆಲ್ಲ ಮತ್ತೆ ನೋಡಿ. ಮುಖವಾಡ ತೆಗೆಯುವುದನ್ನು ಮರೆಯಬೇಡಿ.

ಒಂದು ಫ್ರೇಮ್ ಎಷ್ಟು ಹೊತ್ತು? ಒಟ್ಟು ಎಷ್ಟು ಗಂಟೆ?

ಗುಡಿಬಂಡೆಯಂಥ ಕಡೆ, ಎಫ್ 5.8ರಲ್ಲಿ, ಐಎಸ್‌ಒ 800, ಎರಡರಿಂದ ಮೂರು ನಿಮಿಷ. ಡ್ಯುಯಲ್ ಬ್ಯಾಂಡ್ ಫಿಲ್ಟರ್ ಇದ್ದರೆ ಐದು ನಿಮಿಷ, ಆಗ ಗೈಡ್ ಕ್ಯಾಮೆರಾ (ಒಂದು ನಕ್ಷತ್ರವನ್ನು ಗಮನಿಸುತ್ತ ಮೌಂಟನ್ನು ತಿದ್ದುವ ಸಣ್ಣ ಕ್ಯಾಮೆರಾ) ಬೇಕಾಗುತ್ತದೆ. ಕ್ಯಾಮೆರಾದ ಹಿಸ್ಟೊಗ್ರಾಮಿನ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಗುಡ್ಡ ಎಡ ಅಂಚಿನಿಂದ ಬಿಡಿಸಿಕೊಂಡು, ಎಡದಿಂದ ಕಾಲು ಭಾಗಕ್ಕೂ ಮೂರನೇ ಒಂದು ಭಾಗಕ್ಕೂ ನಡುವೆ ಇರಬೇಕು. ರಾ ಫೈಲಿನಲ್ಲೇ ತೆಗೆಯಿರಿ. ಪರದೆಯಲ್ಲಿ ಬರಿಯ ಬೂದು, ನಕ್ಷತ್ರಗಳು ಕಂಡರೆ ಸರಿಯಾಗಿದೆ ಎಂದೇ ಅರ್ಥ. ತಂತ್ರಾಂಶದಲ್ಲಿ ಒಂದೇ ಫ್ರೇಮನ್ನು ಹಿಗ್ಗಿಸಿ, ಅಂದರೆ ಮಬ್ಬು ಬೆಳಕನ್ನು ಮೇಲೆತ್ತಿ ನೋಡಿದರೆ ಗುಚ್ಛದ ಸುತ್ತ, ಕುಂಕುಮ ತಾಗಿದ ಕೈ ಒರೆಸಿದಂತೆ ಮಸುಕು ಕೆಂಪು ಬಳೆ ಕಾಣುತ್ತದೆ.

ಒಟ್ಟು ನಾಲ್ಕು ಗಂಟೆ ಕನಿಷ್ಠ, ಫಿಲ್ಟರ್ ತೆಗೆಸದ ಕ್ಯಾಮೆರಾಗೆ ಎಂಟು. ಬೆಳಕು ಗಂಟೆಯ ಲೆಕ್ಕದಲ್ಲಿ ಕೂಡುತ್ತದೆ, ಗದ್ದಲ ಅದರ ವರ್ಗಮೂಲದಲ್ಲಿ. ಹಾಗಾಗಿ ಚಿತ್ರ ಎರಡು ಪಟ್ಟು ನುಣುಪಾಗಲು ನಾಲ್ಕು ಪಟ್ಟು ಹೊತ್ತು ಬೇಕು. ಮಬ್ಬು ನೀಹಾರಿಕೆಯ ಕೆಲಸವೆಂದರೆ ಗಂಟೆ ಕೂಡಿಸುವುದು. ಆ ಗಂಟೆಗಳು ಸೋರಿಹೋಗುವುದು ಇಬ್ಬನಿ, ಬ್ಯಾಟರಿ, ಸಡಿಲ ತಿರುಪಿನಂಥ ಸಣ್ಣ ಕಿಂಡಿಗಳಲ್ಲಿ.

ಎರಡು ಮೂರು ಫ್ರೇಮಿಗೊಮ್ಮೆ ಚೌಕಟ್ಟನ್ನು ಹತ್ತು ಹದಿನೈದು ಪಿಕ್ಸೆಲ್ ಸರಿಸಿ. ಇದಕ್ಕೆ ಡಿದರಿಂಗ್ ಎನ್ನುತ್ತಾರೆ. ಬಿಟ್ಟರೆ ಕೊನೆಯ ಚಿತ್ರದಲ್ಲಿ ಮಳೆ ಹೊಡೆದಂತೆ ಓರೆ ಗೆರೆಗಳು ಬರುತ್ತವೆ, ಯಾವ ತಂತ್ರಾಂಶವೂ ಅವನ್ನು ಪೂರ್ತಿ ಅಳಿಸದು.

ಡಾರ್ಕ್, ಫ್ಲ್ಯಾಟ್ ಎಲ್ಲ ನಿಜಕ್ಕೂ ಬೇಕೇ?

ಇವು ದೋಷ ಕಳೆಯಲು ಬೇರೆಯಾಗಿ ತೆಗೆಯುವ ಫ್ರೇಮುಗಳು: ಫ್ಲ್ಯಾಟ್ ಎಂದರೆ ಸಮನಾದ ಬೆಳಕಿಗೆ ತೋರಿಸಿ ತೆಗೆದದ್ದು, ಡಾರ್ಕ್ ಮತ್ತು ಬಯಾಸ್ ಮುಚ್ಚಳ ಹಾಕಿ ತೆಗೆದವು. ಫ್ಲ್ಯಾಟ್ ಬೇಕೇ ಬೇಕು. ಲೆನ್ಸಿನ ಮೂಲೆಗಳ ಕತ್ತಲು ಮತ್ತು ಧೂಳಿನ ಉಂಗುರ, ಇವೆರಡೂ ಮಬ್ಬು ಅನಿಲದಷ್ಟೇ ಗಾಢವಾಗಿರುತ್ತವೆ. ಬಿಳಿ ಬನಿಯನ್ ಬಟ್ಟೆಯನ್ನು ಸುಕ್ಕಿಲ್ಲದಂತೆ ಲೆನ್ಸ್ ಮೇಲೆ ಬಿಗಿದು, ಬೆಳಗಾಗುವಾಗ ಆಕಾಶಕ್ಕೆ ತೋರಿಸಿ 30 ಫ್ರೇಮ್ ತೆಗೆಯಿರಿ. ಫೋಕಸ್, ಕ್ಯಾಮೆರಾದ ತಿರುವು, ಅಪರ್ಚರ್ ಯಾವುದನ್ನೂ ಅಷ್ಟರವರೆಗೆ ಮುಟ್ಟಬಾರದು. ಬಯಾಸ್ 50, ಅತಿ ಚಿಕ್ಕ ಶಟರ್, ಮುಚ್ಚಳ ಹಾಕಿ. ಡಾರ್ಕ್ 20, ಅದೇ ಹೊತ್ತು, ಅದೇ ಐಎಸ್‌ಒ, ಹತ್ತಿರದ ಉಷ್ಣಾಂಶ. ಸೆನ್ಸರಿನ ಬಿಸಿಗದ್ದಲ 6-7 ಡಿಗ್ರಿಗೊಮ್ಮೆ ಇಮ್ಮಡಿಯಾಗುತ್ತದೆ, ಮಾರನೆಯ ಮಧ್ಯಾಹ್ನ ಮನೆಯಲ್ಲಿ ತೆಗೆದ ಡಾರ್ಕ್ ಒಳಿತಿಗಿಂತ ಕೆಡುಕೇ ಮಾಡುತ್ತದೆ.

ನಡುರಾತ್ರಿಯ ನಂತರದ ಫ್ರೇಮುಗಳೆಲ್ಲ ಹಾಲಿನಂತೆ ಬಿಳಿಚಿಕೊಂಡಿವೆ. ಯಾಕೆ?

ಇಬ್ಬನಿ. ಆಕಾಶಕ್ಕೆ ಮುಖ ಮಾಡಿದ ಗಾಜು ತನ್ನ ಬಿಸಿ ಬಿಟ್ಟುಕೊಡುತ್ತ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಅದು ಇಬ್ಬನಿ ಬಿಂದುವಿಗಿಂತ ಕೆಳಗಿಳಿದ ಕ್ಷಣ ನೀರು ಕೂರುತ್ತದೆ. ಮೊದಲು ಪ್ರಕಾಶಮಾನ ನಕ್ಷತ್ರಗಳ ಸುತ್ತ ಪ್ರಭೆ, ಆಮೇಲೆ ಚಿಕ್ಕ ನಕ್ಷತ್ರಗಳು ಒಂದೊಂದಾಗಿ ಮಾಯ, ಕೊನೆಗೆ ಹಾಲು. ರೋಸೆಟ್ ನೆತ್ತಿಯಲ್ಲಿರುವುದರಿಂದ ಲೆನ್ಸ್ ನೇರ ಮೇಲಕ್ಕೆ ನೋಡುತ್ತದೆ, ಇಬ್ಬನಿಗೆ ಅದಕ್ಕಿಂತ ಒಳ್ಳೆಯ ಬಟ್ಟಲಿಲ್ಲ.

ಬಿಸಿಪಟ್ಟಿಯನ್ನು ಮುಂಗಾಜಿನ ಅಂಚಿಗೆ ಆದಷ್ಟು ಹತ್ತಿರ ಸುತ್ತಿ, ಮೊದಲ ಫ್ರೇಮಿನಿಂದಲೇ ಹಚ್ಚಿಡಿ. ಸುತ್ತಲಿಗಿಂತ 2-3 ಡಿಗ್ರಿ ಬೆಚ್ಚಗಿದ್ದರೆ ಸಾಕು. ಕಪ್ಪು ಯೋಗ ಮ್ಯಾಟ್ ಕತ್ತರಿಸಿ, ಲೆನ್ಸಿನ ವ್ಯಾಸದ ಒಂದೂವರೆ ಪಟ್ಟು ಉದ್ದದ ಕೊಳವೆ ಮಾಡಿ ಮುಂದಕ್ಕೆ ಸಿಕ್ಕಿಸಿ. ಕೂತುಬಿಟ್ಟ ಇಬ್ಬನಿಯನ್ನು ಬಟ್ಟೆಯಿಂದ ಒರೆಸಬೇಡಿ, ಧೂಳು ಸೇರಿ ಗಾಜು ಗೀಚುತ್ತದೆ. ಪಟ್ಟಿಯ ಬಿಸಿಗೇ ಆರಲು ಬಿಡಿ.

ವಿದ್ಯುತ್ತಿಗೆ ಏನು ದಾರಿ? ಪಂಪ್‌ಸೆಟ್ ಮನೆಯಿಂದ ವೈರ್ ಎಳೆಯಬಹುದೇ?

ಬೇಡ. ಕರೆಂಟ್ ಪಾಳಿಯಲ್ಲಿ ಬರುತ್ತದೆ, ಮೋಟರ್ ಹಿಡಿದಾಗ ವೋಲ್ಟೇಜ್ ಕುಸಿಯುತ್ತದೆ, ಮೌಂಟ್ ತನ್ನ ಲೆಕ್ಕ ಮರೆಯುತ್ತದೆ. ಮೌಂಟ್, ಬಿಸಿಪಟ್ಟಿ, ಕ್ಯಾಮೆರಾ ಸೇರಿ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಂದುಕೊಂಡರೆ ಎಂಟು ಗಂಟೆಗೆ 16 ಆಂಪಿಯರ್-ಗಂಟೆ. 20ರ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸಾಲುತ್ತದೆ. ಯುಪಿಎಸ್‌ನ 7ರ ಸೀಸದ ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ಬಳಸಬಹುದು, ಎರಡು ಗಂಟೆಗೂ ಬರದು.

ವಿಮಾನ, ಉಪಗ್ರಹಗಳ ಗೆರೆ ಬಿದ್ದ ಫ್ರೇಮ್ ಎಸೆಯಬೇಕೇ?

ಬೇಡ. 20ಕ್ಕಿಂತ ಹೆಚ್ಚು ಫ್ರೇಮ್ ಇದ್ದರೆ ಕೂಡಿಸುವಾಗ ಸಿಗ್ಮಾ ಕ್ಲಿಪ್ಪಿಂಗ್ (ಬೇರೆ ಫ್ರೇಮುಗಳಿಗೆ ಹೊಂದದ ಪಿಕ್ಸೆಲ್ ಬಿಡುವ ಲೆಕ್ಕ) ಆ ಗೆರೆಗಳನ್ನು ತೆಗೆದುಹಾಕುತ್ತದೆ. ಮೋಡ ಹಾಯ್ದದ್ದು, ನಕ್ಷತ್ರ ಉದ್ದವಾದದ್ದು ಮಾತ್ರ ಎಸೆಯಿರಿ.

ಕೂಡಿಸಿದ ಮೇಲಿನ ಕೆಲಸ?

ಫ್ರೇಮ್ ಕೂಡಿಸುವ ತಂತ್ರಾಂಶ ಸಿರಿಲ್ ಉಚಿತ, ಸಾಕಷ್ಟಾಯಿತು. ಲೈಟ್ (ನೀಹಾರಿಕೆಯ ಫ್ರೇಮುಗಳು), ಡಾರ್ಕ್, ಫ್ಲ್ಯಾಟ್, ಬಯಾಸ್ ನಾಲ್ಕು ಫೋಲ್ಡರ್ ಮಾಡಿ ಸಿದ್ಧ ಸ್ಕ್ರಿಪ್ಟ್ ಓಡಿಸಿ. 18 ಮೆಗಾಪಿಕ್ಸೆಲಿನ ನೂರು ಫ್ರೇಮಿಗೆ 100 ಜಿಬಿ ಜಾಗ ಖಾಲಿ ಇರಲಿ. ಆಮೇಲಿನ ಕ್ರಮ ಮುಖ್ಯ: ಅಂಚು ಕತ್ತರಿಸುವುದು, ಗ್ರಾಎಕ್ಸ್‌ಪರ್ಟ್‌ನಿಂದ ಹಿನ್ನೆಲೆ ಬೆಳಕಿನ ಏರಿಳಿತ ತೆಗೆಯುವುದು, ಬಣ್ಣ ಸರಿಪಡಿಸುವುದು, ಅದಾದ ಮೇಲಷ್ಟೇ ಹಿಗ್ಗಿಸುವುದು. ಹಿನ್ನೆಲೆ ತೆಗೆಯುವಾಗ ನೀಹಾರಿಕೆಯ ಮೇಲೆ ಮಾದರಿ ಚುಕ್ಕೆ ಬೀಳದಂತೆ ನೋಡಿ, ಬಿದ್ದರೆ ಹೂವಿನ ಹೊರ ಎಸಳುಗಳೇ ಬೆಳಕಿನ ಮಾಲಿನ್ಯವೆಂದು ಅಳಿಸಿಹೋಗುತ್ತವೆ. ನಕ್ಷತ್ರಗಳನ್ನು ಸ್ಟಾರ್‌ನೆಟ್ ತಂತ್ರಾಂಶದಿಂದ ಬೇರ್ಪಡಿಸಿ, ನೀಹಾರಿಕೆಯನ್ನಷ್ಟೇ ಎತ್ತಿ, ಮತ್ತೆ ಸೇರಿಸಿ. ಆ ಕೆಂಪು ನಿಜವಾದದ್ದೇ, ಕಣ್ಣಿಗೆ ಕಾಣದಷ್ಟು ಮಂದ. ಅದನ್ನು ಟೊಮೆಟೊ ಬಣ್ಣಕ್ಕೆ ಏರಿಸಿದರೆ ನಡುವಿನ ಕಪ್ಪು ಧೂಳಿನ ಎಳೆಗಳು ಮುಳುಗುತ್ತವೆ. ಈ ಚಿತ್ರದಲ್ಲಿ ನೋಡಬೇಕಾದದ್ದೇ ಆ ಎಳೆಗಳು.

ರಾತ್ರಿ ಹೊಲದಲ್ಲಿ ಕೂರುವುದು ಸುರಕ್ಷಿತವೇ?

ಹೊಲದ ಯಜಮಾನರಿಗೂ ಹತ್ತಿರದ ಪೊಲೀಸ್ ಠಾಣೆಗೂ ಮೊದಲೇ ತಿಳಿಸಿ. ಹಳೆಯ ಕೋಟೆ, ಗುಡಿಗಳ ಸುತ್ತ ರಾತ್ರಿ ಟಾರ್ಚ್ ಹಿಡಿದು ಓಡಾಡಿದರೆ ನಿಧಿ ತೆಗೆಯುವವರೆಂದು ಊರವರು ಅನುಮಾನಿಸುತ್ತಾರೆ, ಅದು ಅವರ ತಪ್ಪಲ್ಲ. ಬಂದವರಿಗೆ ಪರದೆಯಲ್ಲಿ ಚಿತ್ರ ತೋರಿಸಿ. ದೇವರಾಯನದುರ್ಗದ ಕಾಡು, ಮಧುಗಿರಿಯ ಗುಡ್ಡಗಳ ಕಡೆ ಚಿರತೆ, ಕರಡಿ ಇವೆ, ಬುಡಕ್ಕೆ ಒಬ್ಬರೇ ಹೋಗಬೇಡಿ. ಕಾಲಿಗೆ ಬೂಟು, ಕೈಗೆ ಕೆಂಪು ಟಾರ್ಚ್. ಹಸಿರು ಲೇಸರ್ ಬೇಡವೇ ಬೇಡ, ದೇವನಹಳ್ಳಿಗೆ ಇಳಿಯುವ ವಿಮಾನಗಳ ದಾರಿ ಇದು.

ಈ ವರ್ಷದ ಫ್ರೇಮಿಗೆ ಮುಂದಿನ ವರ್ಷದ್ದನ್ನು ಸೇರಿಸಬಹುದೇ?

ಸೇರಿಸಬಹುದು, ನೀಹಾರಿಕೆ ಎಲ್ಲಿಗೂ ಹೋಗುವುದಿಲ್ಲ. ಅದೇ ಲೆನ್ಸ್, ಅದೇ ಚೌಕಟ್ಟಿನ ತಿರುವು ಇದ್ದರೆ ಅಂಚು ಕಡಿಮೆ ನಷ್ಟವಾಗುತ್ತದೆ. ಕ್ಯಾಮೆರಾ ಮತ್ತು ಕೊಳವೆ ಕೂಡುವಲ್ಲಿ ಒಂದು ಗೀಟು ಹಾಕಿಟ್ಟುಕೊಳ್ಳಿ. ಪ್ರತಿ ರಾತ್ರಿಯ ಫ್ರೇಮುಗಳನ್ನು ಅದೇ ರಾತ್ರಿಯ ಫ್ಲ್ಯಾಟಿನಿಂದ ತಿದ್ದಿ, ಆಮೇಲೆ ಎಲ್ಲವನ್ನೂ ಒಟ್ಟಿಗೆ ಕೂಡಿಸಿ. ರಾ ಫೈಲುಗಳನ್ನು ತಾರೀಕು ಬರೆದು ಎರಡು ಡಿಸ್ಕಿನಲ್ಲಿ ಇಡಿ.